ಅರ್ಧ ಅಗಿದ ಹುಲ್ಲು, ಎರಡು ಸಲ ಎಳೆದ ಬೀಗ

ಪ್ರಶ್ನೆ: ಇತ್ತೀಚೆಗೆ ಒಂದು ಭಯಾನಕ ಕಿರುಕಾದಂಬರಿ ಓದಿದೆ. 130 ಪುಟ. ಲೋಕವೇ ಮುಗಿದುಹೋಗುವ ಕತೆ. ಮೊದಲ ಪುಟದಲ್ಲೇ ಆಕಾಶದಿಂದ ಬೂದಿ ಸುರಿಯುತ್ತದೆ. ಬೂದಿ ತಾಗಿದವರು ಸತ್ತು, ಮತ್ತೆ ಎದ್ದು, ಉಳಿದವರನ್ನು ಕೊಲ್ಲುತ್ತಾರೆ. 20ನೇ ಪುಟಕ್ಕೆ ಊರಿಗೆ ಊರೇ ಖಾಲಿ. ನಾಯಕ ಹನ್ನೊಂದು ಜನರ ಗುಂಪು ಸೇರುತ್ತಾನೆ. ಒಬ್ಬೊಬ್ಬರಾಗಿ ಸಾಯುತ್ತಾರೆ. ಕೊನೆಗೆ ಒಬ್ಬ ವಿಜ್ಞಾನಿ ಸಿಕ್ಕಿ, ಬೂದಿ ಎಲ್ಲಿಂದ ಬಂತು ಅಂತ ಎಂಟು ಪುಟ ವಿವರಿಸುತ್ತಾನೆ. ನನಗೆ ಒಂದು ಕಡೆಯೂ ಹೆದರಿಕೆ ಆಗಲಿಲ್ಲ. 70ನೇ ಪುಟದ ಹೊತ್ತಿಗೆ ಆಕಳಿಕೆ ಶುರುವಾಯಿತು. ಈ ಬಗೆಯ ಕತೆ ಅಂದರೆ ನನಗೆ ತುಂಬ ಇಷ್ಟ, ಅದಕ್ಕೇ ಕೇಳುತ್ತಿದ್ದೇನೆ. ತಪ್ಪು ನನ್ನದಾ, ಪುಸ್ತಕದ್ದಾ? ಓದಿ ಓದಿ ನನ್ನ ಮನಸ್ಸು ಮರಗಟ್ಟಿದೆಯಾ? ಇಡೀ ಪುಸ್ತಕದಲ್ಲಿ ನೆನಪಿರುವುದು ಒಂದೇ ದೃಶ್ಯ. ಎಲ್ಲರೂ ಓಡುತ್ತಿರುವಾಗ ಒಬ್ಬ ಮುದುಕ ತನ್ನ ಮನೆಗೆ ಬೀಗ ಹಾಕಿ, ಸರಿಯಾಗಿ ಬಿದ್ದಿದೆಯಾ ಅಂತ ಎರಡು ಸಲ ಎಳೆದು ನೋಡುತ್ತಾನೆ. ಮುಂದಿನ ಪುಟದಲ್ಲಿ ಅವನೂ ಸಾಯುತ್ತಾನೆ. ನಾನೂ ಇಂಥದ್ದೊಂದು ಬರೆಯಬೇಕು ಅಂತಿದ್ದೇನೆ. ಈ ತಪ್ಪು ನನ್ನಿಂದ ಆಗದಂತೆ ಏನು ಮಾಡಲಿ?

ಉತ್ತರ: ನಿಮ್ಮ ಮನಸ್ಸು ಮರಗಟ್ಟಿಲ್ಲ. ಮರಗಟ್ಟಿದ್ದರೆ ಆ ಮುದುಕನ ಬೀಗ ನೆನಪಿರುತ್ತಿರಲಿಲ್ಲ. ಆ ಒಂದು ಸಾಲಿನಲ್ಲಿ ನಿಮ್ಮ ಪ್ರಶ್ನೆಗೆ ಉತ್ತರವೂ ಇದೆ. ಬೀಗ ಯಾಕೆ ಉಳಿಯಿತು, ಅದರ ಸುತ್ತ ಇದ್ದ ನೂರಾರು ಸಾವು ಯಾಕೆ ಜಾರಿಹೋದವು ಅಂತ ಬಿಡಿಸಿ ನೋಡೋಣ.

ಹಲವು ವರ್ಷಗಳಿಂದ ಹಸ್ತಪ್ರತಿ ಓದುವುದೇ ನನ್ನ ಕೆಲಸ. ಭಯದ ಕತೆಗಳನ್ನು ಕೆಲಸಕ್ಕೂ ಓದುತ್ತೇನೆ, ಇಷ್ಟಪಟ್ಟೂ ಓದುತ್ತೇನೆ. ಲೋಕ ಮುಗಿಯುವ ಕತೆಗಳಲ್ಲಿ ಸೋಲುವವು ಹೆಚ್ಚಾಗಿ ಒಂದೇ ಜಾಗದಲ್ಲಿ ಸೋಲುತ್ತವೆ. ಎಲ್ಲವೂ ನಾಶವಾಯಿತು ಅಂತ ಜೋರಾಗಿ ಹೇಳುತ್ತವೆ. ಯಾರ ಯಾವ ಕೆಲಸ ಅರ್ಧಕ್ಕೆ ನಿಂತಿತು ಅಂತ ಮಾತ್ರ ಹೇಳುವುದಿಲ್ಲ. ಓದುಗನಿಗೆ ಲೋಕ ಅನ್ನುವುದು ಕಣ್ಣಿಗೆ ಕಾಣುವ ವಸ್ತುವೇ ಅಲ್ಲ. ಒಲೆ, ಬಾಗಿಲು, ಯಾರಿಗೋ ಕೊಟ್ಟ ಮಾತು, ಮುಗಿಸದ ಜಗಳ, ಇವು ಕಾಣುತ್ತವೆ. ಇವು ನಿಂತಾಗ ನಮಗೆ ಎದೆ ಝಲ್ಲೆನ್ನುತ್ತದೆ.

ಒಂದು ಜಿಂಕೆಯ ವಿಷಯ ಹೇಳುತ್ತೇನೆ. ಕಾಳಿದಾಸನ ಶಾಕುಂತಲದ ಮೊದಲ ಅಂಕದಲ್ಲಿ ದುಷ್ಯಂತ ರಥದಲ್ಲಿ ಜಿಂಕೆಯನ್ನು ಅಟ್ಟಿಸಿಕೊಂಡು ಬರುತ್ತಾನೆ. ಜಿಂಕೆ ಓಡುತ್ತಾ ಕತ್ತು ತಿರುಗಿಸಿ ಹಿಂದಿನ ರಥವನ್ನು ಮತ್ತೆ ಮತ್ತೆ ನೋಡುತ್ತದೆ. ಬಾಣ ಎಲ್ಲಿ ಬೀಳುತ್ತದೋ ಅಂತ ಮೈಯ ಹಿಂಭಾಗವನ್ನೆಲ್ಲ ಮುಂದಕ್ಕೆ ಒಳಸೆಳೆದುಕೊಂಡಿದೆ. ದಣಿದು ಬಾಯಿ ತೆರೆದಿದೆ. ಆ ಬಾಯಿಂದ ಅರ್ಧ ಅಗಿದ ದರ್ಭೆ ದಾರಿಯುದ್ದಕ್ಕೂ ಉದುರುತ್ತಿದೆ. ಸುಮಾರು ಸಾವಿರ ವರ್ಷಗಳ ಹಿಂದೆ ಕಾಶ್ಮೀರದ ಅಭಿನವಗುಪ್ತ ರಸ ಅಂದರೇನು ಅಂತ ವಿವರಿಸುವಾಗ, ಭಯಾನಕಕ್ಕೆ ಎತ್ತಿಕೊಂಡ ಉದಾಹರಣೆ ಇದೇ ಪದ್ಯ. ಯುದ್ಧವಲ್ಲ, ಸ್ಮಶಾನವಲ್ಲ, ಭೂತವಲ್ಲ. ಒಂದು ಜಿಂಕೆ. ಇದನ್ನು ಓದುವಾಗ ಹೆದರಿದ್ದು ಯಾರು, ಯಾವ ಕಾಲದಲ್ಲಿ, ಯಾವ ಕಾಡಿನಲ್ಲಿ ಅನ್ನುವುದೆಲ್ಲ ಕರಗಿ ಭಯವೊಂದೇ ಉಳಿಯುತ್ತದೆ ಅನ್ನುವುದು ಅವನ ಮಾತಿನ ತಿರುಳು.

ನನಗೆ ಈ ಪದ್ಯದಲ್ಲಿ ಆ ಹುಲ್ಲೇ ಮುಖ್ಯ. ಬಾಣ ಇನ್ನೂ ಬಿಟ್ಟಿಲ್ಲ. ರಕ್ತ ಒಂದು ಹನಿಯೂ ಬಿದ್ದಿಲ್ಲ. ಆದರೆ ಒಂದು ಗಳಿಗೆಯ ಹಿಂದೆ ಆ ಪ್ರಾಣಿ ಸುಮ್ನೆ ಮೇಯುತ್ತಿತ್ತು ಅಂತ ಆ ಹುಲ್ಲು ಹೇಳಿಬಿಡುತ್ತದೆ. ನುಂಗಲು ಪುರಸೊತ್ತಾಗಲಿಲ್ಲ. ಉಗಿಯುವುದೂ ಹೊಳೆಯಲಿಲ್ಲ. ನಿಮ್ಮ ಮುದುಕನ ಬೀಗವೂ ಅದೇ ಜಾತಿಯದು. ಅವನ ಕೈಗೆ ಗೊತ್ತಿರುವ ಕೆಲಸ ಅದು. ಲೋಕ ಮುಗಿಯುತ್ತಿದೆ ಅನ್ನುವ ಸುದ್ದಿ ಅವನ ತಲೆಗೆ ಹೋಗಿದೆ, ಕೈಗೆ ಇನ್ನೂ ಹೋಗಿಲ್ಲ. ಆ ಅಂತರದಲ್ಲಿ ನೀವು ಹೆದರಿದಿರಿ. ಹೆದರಿಕೆ ಆಗಲಿಲ್ಲ ಅಂತ ಬರೆದಿದ್ದೀರಿ, ಆದರೆ ಆಗಿದೆ. ಒಂದೇ ಒಂದು ಸಲ ಆಗಿದೆ, ಅದಕ್ಕೇ ಅದು ಉಳಿದಿದೆ.

ಇನ್ನು ಆ ನೂರಾರು ಸಾವುಗಳ ವಿಷಯ. ಎಣಿಕೆ ಜಾಸ್ತಿಯಾದಷ್ಟೂ ಮನಸ್ಸು ಮುಚ್ಚಿಕೊಳ್ಳುತ್ತದೆ. ಇದು ನಿಮ್ಮೊಬ್ಬರ ಸ್ವಭಾವ ಅಲ್ಲ. ಥಾಮಸ್ ಶೆಲ್ಲಿಂಗ್ ಅನ್ನುವ ಅರ್ಥಶಾಸ್ತ್ರಜ್ಞ 1968ರ ಒಂದು ಪ್ರಬಂಧದಲ್ಲಿ ಇದನ್ನು ಬರೆದಿದ್ದಾರೆ. ಆರು ವರ್ಷದ, ಕಂದು ಕೂದಲಿನ ಒಬ್ಬ ಹುಡುಗಿಯ ಚಿಕಿತ್ಸೆಗೆ ಹಣ ಬೇಕು ಅಂದರೆ ಅಂಚೆಯಲ್ಲಿ ಹಣ ಬಂದು ರಾಶಿ ಬೀಳುತ್ತದೆ. ತೆರಿಗೆ ಇಲ್ಲದೆ ಆಸ್ಪತ್ರೆಗಳು ಹಾಳಾಗಿ ಸಾವಿನ ಪ್ರಮಾಣ ಅಷ್ಟಿಷ್ಟು ಏರುತ್ತದೆ ಅಂದರೆ ಕಣ್ಣೀರು ಹಾಕುವವರು ಕಡಿಮೆ. ಶೆಲ್ಲಿಂಗ್ ಕತೆ ಬರೆಯುವ ಬಗ್ಗೆ ಹೇಳುತ್ತಿರಲಿಲ್ಲ. ಆದರೂ ಗಮನಿಸಿ, ಆ ಹುಡುಗಿಗೆ ವಯಸ್ಸು ಕೊಟ್ಟರು, ಕೂದಲಿನ ಬಣ್ಣ ಕೊಟ್ಟರು. ನಿಮ್ಮ ಪುಸ್ತಕದ ಗುಂಪಿನ ಹನ್ನೊಂದು ಜನರಲ್ಲಿ ಎಷ್ಟು ಜನರ ಹೆಸರು ಈಗ ನೆನಪಿದೆ? ಎಷ್ಟು ಜನರ ಕೈಯಲ್ಲಿ ಏನಿತ್ತು ಅಂತ ಹೇಳಬಲ್ಲಿರಿ?

ಭರತನ ನಾಟ್ಯಶಾಸ್ತ್ರದಲ್ಲೂ ಇದಕ್ಕೆ ಒಂದು ಸುಳಿವಿದೆ. ಭಯಾನಕ ರಸ ಯಾವುದರಿಂದ ಹುಟ್ಟುತ್ತದೆ ಅಂತ ಹೇಳುವಾಗ ಅವನು ವಿಕಾರವಾದ ಸದ್ದು, ನರಿ ಮತ್ತು ಗೂಬೆಯ ಕೂಗು, ಖಾಲಿ ಮನೆ, ಕಾಡು ಎಲ್ಲ ಹೇಳುತ್ತಾನೆ. ಸಾವಿನ ಮಾತು ಬಂದಾಗ ಬರೀ ವಧೆ ಅನ್ನುವುದಿಲ್ಲ. ಸ್ವಜನರ ವಧೆ ಅನ್ನುತ್ತಾನೆ. ತನ್ನವರ ಸಾವು. ಈ ಒಂದು ಪದ ನನಗೆ ಯಾವಾಗಲೂ ನೆನಪಾಗುತ್ತದೆ. ಲೇಖಕ ಒಬ್ಬನನ್ನು ಕೊಲ್ಲುವ ಮೊದಲು ಅವನನ್ನು ನನ್ನ ಸ್ವಜನ ಮಾಡಿರಬೇಕು. ಹನ್ನೊಂದು ಜನರನ್ನು ಹಾಗೆ ಮಾಡಲು 130 ಪುಟ ಸಾಲುವುದಿಲ್ಲ. ಇಬ್ಬರನ್ನು ಮಾಡಬಹುದು. ಗಟ್ಟಿಗರಾದರೆ ಮೂವರನ್ನು.

ಎಲ್ಲ ಸತ್ತ ಮೇಲೆ ಒಬ್ಬ ನಡೆದುಹೋಗುವ ದೃಶ್ಯ ಕನ್ನಡದಲ್ಲಿ ಹತ್ತನೆಯ ಶತಮಾನದಿಂದಲೇ ಇದೆ. ರನ್ನನ ಗದಾಯುದ್ಧ ನೋಡಿ. ಹದಿನೆಂಟು ಅಕ್ಷೋಹಿಣಿ ಸೇನೆ ನಾಶವಾಗಿದೆ. ಹೆಣ, ಮುರಿದ ರಥ, ಮರುಳುಗಳು ಅಂದರೆ ಪಿಶಾಚಿಗಳ ನಡುವೆ ದುರ್ಯೋಧನ ಸಂಜಯನ ಜೊತೆ ಕಾಲಿಡಲು ಜಾಗ ಹುಡುಕುತ್ತಾ ನಡೆಯುತ್ತಾನೆ. ಆ ರಣರಂಗಕ್ಕಿಂತ ದೊಡ್ಡ ಪ್ರಳಯ ಬೇಕಾ? ಆದರೆ ಕವಿ ಅಲ್ಲಿ ಹೆಣ ಎಣಿಸುತ್ತಾ ನಿಲ್ಲುವುದಿಲ್ಲ. ದ್ರೋಣನ ಹತ್ತಿರ ನಿಲ್ಲಿಸುತ್ತಾನೆ, ದುಶ್ಶಾಸನನ ಹತ್ತಿರ, ಕರ್ಣನ ಹತ್ತಿರ ನಿಲ್ಲಿಸುತ್ತಾನೆ. ಮಗ ಲಕ್ಷಣಕುಮಾರನ ಹತ್ತಿರ ನಿಂತಾಗ ದುರ್ಯೋಧನ ಹೇಳುವ ಮಾತು ಬಹಳ ಜನರಿಗೆ ಬಾಯಿಪಾಠ. ಅಪ್ಪನಿಗೆ ಮಗ ನೀರು ಬಿಡುವುದು ಸರಿಯಾದ ಕ್ರಮ, ಈಗ ನಾನೇ ನಿನಗೆ ಬಿಡುವಂತಾಯಿತಲ್ಲ, ಮಗನೇ, ನೀನು ಕ್ರಮವನ್ನೇ ತಿರುವುಮುರುವು ಮಾಡುವುದೇ ಅನ್ನುತ್ತಾನೆ. ಹದಿನೆಂಟು ದಿನಗಳ ನಾಶ ಎಷ್ಟು ದೊಡ್ಡದು ಅಂತ ಆ ಸಾಲಿನಲ್ಲಿ ಗೊತ್ತಾಗುತ್ತದೆ. ಅಕ್ಷೋಹಿಣಿಯ ಲೆಕ್ಕದಲ್ಲಿ ಗೊತ್ತಾಗುವುದಿಲ್ಲ.

ಕಾಲ್ಪನಿಕ ಅಲ್ಲದ ಇನ್ನೊಂದು ಬರಹ ಇದೆ, ನೀವು ಬರೆಯುವ ಮೊದಲು ದಯವಿಟ್ಟು ಓದಿ. ಅಣುಬಾಂಬು ಬಿದ್ದ ದಿನದ ಬಗ್ಗೆ ಪತ್ರಕರ್ತ ಜಾನ್ ಹರ್ಸಿ ಬರೆದ ಹಿರೋಷಿಮಾ. 1946ರ ಆಗಸ್ಟ್ 31ರ ನ್ಯೂಯಾರ್ಕರ್ ಪತ್ರಿಕೆ ತನ್ನ ಇಡೀ ಸಂಚಿಕೆಯನ್ನು ಇದೊಂದಕ್ಕೇ ಕೊಟ್ಟಿತ್ತು. ಉದ್ದ ಸುಮಾರು 30,000 ಪದ, ಅಂದರೆ ಒಂದು ಕಿರುಕಾದಂಬರಿಯಷ್ಟು. ಸತ್ತವರು ಒಂದು ಲಕ್ಷ ಅಂತ ಮೊದಲ ಪ್ಯಾರಾದಲ್ಲೇ ಹೇಳಿಬಿಡುತ್ತಾರೆ. ಆಮೇಲೆ ಬದುಕಿ ಉಳಿದ ಆರು ಜನರನ್ನು ಹಿಡಿದುಕೊಂಡು ಹೋಗುತ್ತಾರೆ. ಶುರುವಾಗುವುದೇ ಬೆಳಿಗ್ಗೆ ಎಂಟೂಕಾಲಕ್ಕೆ ಯಾರು ಏನು ಮಾಡುತ್ತಿದ್ದರು ಅಂತ. ತವರದ ಕಾರ್ಖಾನೆಯ ಗುಮಾಸ್ತೆಯೊಬ್ಬಳು ಆಗಷ್ಟೇ ಕೂತು, ಪಕ್ಕದ ಮೇಜಿನ ಹುಡುಗಿಗೆ ಏನೋ ಹೇಳಲು ತಲೆ ತಿರುಗಿಸಿದ್ದಳು. ಒಬ್ಬ ವೈದ್ಯ ಕಾಲು ಮಡಚಿ ಪೇಪರ್ ಓದಲು ಕೂತಿದ್ದ. ಒಬ್ಬ ವಿಧವೆ ಅಡುಗೆಮನೆಯ ಕಿಟಕಿಯಲ್ಲಿ ನಿಂತು ನೋಡುತ್ತಿದ್ದಳು. ತಲೆ ತಿರುಗಿತು, ಮಾತು ಬಾಯಿಗೆ ಬರಲಿಲ್ಲ. ಅವಳು ಏನು ಹೇಳಲು ಹೊರಟಿದ್ದಳು? ಎಷ್ಟೋ ಸಲ ಓದಿದ್ದೇನೆ, ಪ್ರತಿ ಸಲ ಅಲ್ಲೇ ನಿಲ್ಲುತ್ತೇನೆ. ಮತ್ತೆ ಅದೇ ಅರ್ಧ ಅಗಿದ ಹುಲ್ಲು, ಅಲ್ವಾ?

ಇಲ್ಲೊಂದು ತಪ್ಪು ತಿಳಿವಳಿಕೆ ಬರಬಾರದು. ಮೊದಲ ಮೂವತ್ತು ಪುಟ ಸಂಸಾರ ತೋರಿಸಿ ಆಮೇಲೆ ಪ್ರಳಯ ತನ್ನಿ ಅಂತ ನಾನು ಹೇಳುತ್ತಿಲ್ಲ. ಹರ್ಸಿ ಬಾಂಬಿನಿಂದಲೇ ಶುರು ಮಾಡುತ್ತಾರೆ. ಕಾರ್ಮಕ್ ಮೆಕಾರ್ಥಿಯವರ 2006ರ ಕಾದಂಬರಿ ದಿ ರೋಡ್ ಶುರುವಾಗುವ ಹೊತ್ತಿಗೆ ಲೋಕ ಸುಟ್ಟು ವರ್ಷಗಳೇ ಆಗಿವೆ. ಆದರೆ ನಡುವೆ ಒಂದು ಹಳೆಯ ನೆನಪು ಬರುತ್ತದೆ. ಗಡಿಯಾರಗಳು 1:17ಕ್ಕೆ ನಿಲ್ಲುತ್ತವೆ. ದೂರದಲ್ಲಿ ಬೆಳಕು, ದಬದಬ ಸದ್ದು. ಗಂಡ ಹೋಗಿ ಸ್ನಾನದ ತೊಟ್ಟಿಗೆ ನೀರು ಬಿಡುತ್ತಾನೆ. ಈಗ ಯಾಕೆ ಸ್ನಾನ ಅಂತ ಹೆಂಡತಿ ಕೇಳುತ್ತಾಳೆ. ಸ್ನಾನಕ್ಕಲ್ಲ ಅನ್ನುತ್ತಾನೆ. ನಲ್ಲಿಯಲ್ಲಿ ಇನ್ನು ನೀರು ಬರುವುದಿಲ್ಲ ಅಂತ ಅವನಿಗೆ ಹೊಳೆದಿದೆ, ಅವಳಿಗೆ ಹೊಳೆದಿಲ್ಲ, ನಮಗೆ ಅವಳ ಪ್ರಶ್ನೆಯ ಜೊತೆಗೇ ಹೊಳೆಯುತ್ತದೆ. ಆ ಲೋಕ ಯಾಕೆ ಸುಟ್ಟಿತು ಅಂತ ಇಡೀ ಪುಸ್ತಕದಲ್ಲಿ ಎಲ್ಲೂ ಹೇಳಿಲ್ಲ. ಓದುವಾಗ ಕಾರಣ ಬೇಕು ಅಂತ ನನಗೆ ಅನಿಸಲೂ ಇಲ್ಲ.

ಹಿಂದೊಮ್ಮೆ ನಾನೇ ಈ ವಿಷಯದಲ್ಲಿ ತಪ್ಪು ಸಲಹೆ ಕೊಟ್ಟಿದ್ದೇನೆ. ಒಬ್ಬರು ತಂದ ಹಸ್ತಪ್ರತಿಯಲ್ಲಿ ಮೊದಲ ಇಪ್ಪತ್ತು ಪುಟ ಬರೀ ಅಕ್ಕ ತಂಗಿಯರಿಬ್ಬರು ಒಂದು ಮನೆ ಖಾಲಿ ಮಾಡುವ ಕತೆ. ಯಾವ ಪಾತ್ರೆ ಯಾರಿಗೆ, ಯಾವ ಸೀರೆ ಯಾರಿಗೆ. ರೋಗ ಬರುವುದು ಆಮೇಲೆ. ನಿಧಾನವಾಯಿತು, ರೋಗದಿಂದಲೇ ಶುರು ಮಾಡಿ ಅಂದೆ. ಅವರು ನಂಬಿ ಕತ್ತರಿಸಿದರು. ಮುಂದಿನ ಸಲ ಓದಿದಾಗ ಕತೆ ಸತ್ತಿತ್ತು. ತಂಗಿ ಸಾಯುವ ದೃಶ್ಯದಲ್ಲಿ ಒಂದು ಅಕ್ಷರವೂ ಬದಲಾಗಿರಲಿಲ್ಲ, ಆದರೂ ನನಗೆ ಏನೂ ಆಗಲಿಲ್ಲ. ಹಂಚಿಕೊಳ್ಳದೆ ಉಳಿದ ಒಂದು ಪಾತ್ರೆಯ ಮೇಲಿನ ಜಗಳ ಹೋಗಿತ್ತು. ಇಪ್ಪತ್ತರಲ್ಲಿ ಹತ್ತು ಪುಟ ವಾಪಸ್ ಸೇರಿಸಿದೆವು, ಕತೆಗೆ ಮತ್ತೆ ಉಸಿರು ಬಂತು. ಆ ಲೇಖಕರ ತಾಳ್ಮೆಗೆ ಇವತ್ತಿಗೂ ನಾನು ಋಣಿ.

ಈಗ ನೀವು ಓದಿದ ಪುಸ್ತಕದ ಆಕಾರದ ಬಗ್ಗೆ. ಕಿರುಕಾದಂಬರಿ ಅನ್ನುವುದು ತೆಳ್ಳಗಿನ ಕಾದಂಬರಿ ಅಂತ ತುಂಬ ಜನ ಅಂದುಕೊಳ್ಳುತ್ತಾರೆ. ವೈಜ್ಞಾನಿಕ ಮತ್ತು ಅದ್ಭುತ ಕತೆಗಳಿಗೆ ಕೊಡುವ ಹ್ಯೂಗೋ, ನೆಬ್ಯುಲಾ ಪ್ರಶಸ್ತಿಗಳ ನಿಯಮದಲ್ಲಿ 17,500ರಿಂದ 40,000 ಪದದೊಳಗೆ ಇದ್ದರೆ ಅದು ಕಿರುಕಾದಂಬರಿ. ಪದಗಳ ಲೆಕ್ಕ ಪ್ರಶಸ್ತಿಗೆ ಸರಿ. ಬರೆಯುವವರಿಗೆ ಬೇಕಾದ ಲೆಕ್ಕ ಬೇರೆ. ಸಣ್ಣಕತೆ ಒಂದು ಏಟಿನಲ್ಲಿ ಮುಗಿಯುತ್ತದೆ, ಅಲ್ಲಿ ಪಾತ್ರ ಅರೆಬರೆ ಕಂಡರೂ ನಡೆಯುತ್ತದೆ. ದೊಡ್ಡ ಕಾದಂಬರಿಗೆ ಐದು ಊರು, ಇಪ್ಪತ್ತು ಜನ, ಹತ್ತು ವರ್ಷ ಎಲ್ಲವನ್ನೂ ಸಾಕುವಷ್ಟು ಜಾಗ ಇದೆ. ಕಿರುಕಾದಂಬರಿಗೆ ಒಂದು ಮನೆ, ನಾಲ್ಕೈದು ಜನ, ಕೆಲವು ದಿನ. ಅಷ್ಟರಲ್ಲೇ ಆಳಕ್ಕೆ ಇಳಿಯಬೇಕು. ನೀವು ಹೇಳಿದ ಕತೆ ಕಾದಂಬರಿಯ ನಕ್ಷೆ ಹಿಡಿದು ಕಿರುಕಾದಂಬರಿಯ ದಾರಿಯಲ್ಲಿ ಓಡಿದೆ. ಊರಿಂದ ಊರಿಗೆ, ಸಾವಿಂದ ಸಾವಿಗೆ. ಯಾವ ಜಾಗದಲ್ಲೂ ನೀವು ಕೂರಲಿಲ್ಲ.

ದಾಫ್ನೆ ದು ಮೊರಿಯೆ 1952ರಲ್ಲಿ ಪ್ರಕಟಿಸಿದ ದಿ ಬರ್ಡ್ಸ್ ನೀಳ್ಗತೆಯಲ್ಲಿ ದೇಶಕ್ಕೆ ದೇಶವೇ ಹಕ್ಕಿಗಳ ದಾಳಿಗೆ ಸಿಕ್ಕಿದೆ. ಆದರೆ ನಾವು ಒಬ್ಬ ಕೂಲಿಗಾರನ ಮನೆ ಬಿಟ್ಟು ದೂರ ಹೋಗುವುದೇ ಇಲ್ಲ. ಹೊರಗಿನ ಲೋಕ ಬರುವುದು ರೇಡಿಯೋದಲ್ಲಿ. ಮೊದಲು ಸುದ್ದಿ, ಆಮೇಲೆ ಎಚ್ಚರಿಕೆ, ಆಮೇಲೆ ಮೌನ. ಆ ಮೌನದಲ್ಲಿ ಒಂದು ದೇಶ ಮುಗಿಯಿತು ಅಂತ ನಮಗೆ ಗೊತ್ತಾಗುತ್ತದೆ, ಲೇಖಕಿ ಒಂದು ನಗರವನ್ನೂ ಸುಡದೆ. ಇನ್ನೊಂದು ಚೆಂದದ ಕೆಲಸ ಮಾಡಿದ್ದಾರೆ. ಹಕ್ಕಿಗಳ ದಾಳಿ ಸಮುದ್ರದ ಉಬ್ಬರದ ಜೊತೆ ಬರುತ್ತದೆ ಅಂತ ಆ ಕೂಲಿಗಾರ ಕಂಡುಕೊಳ್ಳುತ್ತಾನೆ. ನೀರು ಇಳಿದಾಗ ಕೆಲವು ಗಂಟೆ ಬಿಡುವು. ಅಷ್ಟರಲ್ಲಿ ಕಿಟಕಿಗೆ ಹಲಗೆ ಹೊಡೆಯಬೇಕು, ಸಾಮಾನು ತರಬೇಕು, ಮಕ್ಕಳಿಗೆ ಧೈರ್ಯ ಹೇಳಬೇಕು. ಭಯಕ್ಕೆ ಒಂದು ಗಡಿಯಾರ ಸಿಕ್ಕಿತು. ನಾವು ಓದುತ್ತಾ ಆ ಗಡಿಯಾರ ನೋಡುತ್ತಿರುತ್ತೇವೆ.

ನಿಮ್ಮ ಪುಸ್ತಕದ ಬೂದಿಗೆ ಇಂಥ ನಿಯಮ ಏನಾದರೂ ಇತ್ತಾ? ಯಾವಾಗ ಬೀಳುತ್ತದೆ, ಯಾವುದರಿಂದ ತಪ್ಪಿಸಿಕೊಳ್ಳಬಹುದು? ನಿಮ್ಮ ಪತ್ರ ನೋಡಿದರೆ ಇದ್ದ ಹಾಗೆ ಕಾಣುವುದಿಲ್ಲ. ಲೇಖಕರಿಗೆ ಬೇಕಾದಾಗ ಬೀಳುತ್ತದೆ. ಹಾಗಾದಾಗ ಓದುಗ ಲೆಕ್ಕ ಹಾಕುವುದನ್ನು ಬಿಡುತ್ತಾನೆ. ಲೆಕ್ಕ ಬಿಟ್ಟವನಿಗೆ ಕಾಯುವುದು ಇಲ್ಲ. ಕಾಯದೆ ಭಯ ಎಲ್ಲಿಂದ ಬರಬೇಕು? ಎಲ್ಲರೂ ಹೇಗೂ ಸಾಯುತ್ತಾರೆ ಅಂತ 20ನೇ ಪುಟಕ್ಕೇ ಗೊತ್ತಾದರೆ, ಮುಂದಿನ 110 ಪುಟ ಪಟ್ಟಿ ಓದಿದ ಹಾಗೆ.

ರಕ್ತದ ಬಗ್ಗೆಯೂ ಒಂದು ಮಾತು. ಅಸಹ್ಯ ಬೇರೆ, ಭಯ ಬೇರೆ. ಭರತ ಬೀಭತ್ಸವನ್ನೂ ಭಯಾನಕವನ್ನೂ ಎರಡು ರಸಗಳಾಗಿಯೇ ಇಟ್ಟ. ಒಂದಕ್ಕೆ ಸ್ಥಾಯಿಭಾವ, ಅಂದರೆ ಬುಡದಲ್ಲಿರುವ ಭಾವ, ಜುಗುಪ್ಸೆ; ಇನ್ನೊಂದಕ್ಕೆ ಭಯ. ಎಷ್ಟೋ ಕಾಲದ ನಂತರ, ಇದಾವುದರ ಸಂಬಂಧ ಇಲ್ಲದೆ, ಆನ್ ರಾಡ್‌ಕ್ಲಿಫ್ ಅನ್ನುವ ಇಂಗ್ಲಿಷ್ ಲೇಖಕಿಯೂ ಹತ್ತಿರದ ಒಂದು ಮಾತು ಹೇಳಿದರು. ಅವರು ತೀರಿಕೊಂಡ ಮೇಲೆ 1826ರಲ್ಲಿ ಅಚ್ಚಾದ ಪ್ರಬಂಧದಲ್ಲಿ ಅದು ಇದೆ. ಬರಲಿರುವುದರ ದಿಗಿಲು ಮನಸ್ಸನ್ನು ಹಿಗ್ಗಿಸಿ ಎಚ್ಚರವಾಗಿಡುತ್ತದೆ, ಕಣ್ಣೆದುರಿನ ಘೋರ ಮನಸ್ಸನ್ನು ಕುಗ್ಗಿಸಿ ಹೆಪ್ಪುಗಟ್ಟಿಸುತ್ತದೆ ಅಂತ. ನನ್ನ ಅನುಭವದಲ್ಲಿ ಅಸಹ್ಯಕ್ಕೆ ಆಯಸ್ಸು ತೀರ ಕಡಿಮೆ. ಮೊದಲ ಸೀಳಿದ ಹೊಟ್ಟೆ ಕಣ್ಣು ಮುಚ್ಚಿಸುತ್ತದೆ. ಐದನೆಯದಕ್ಕೆ ಬರೀ ಪದಗಳು ಉಳಿಯುತ್ತವೆ. ಭಯ ಹಾಗಲ್ಲ. ಸರಿಯಾಗಿ ಸಾಕಿದರೆ ಅದು ಪುಟದಿಂದ ಪುಟಕ್ಕೆ ಬೆಳೆಯುತ್ತದೆ. ನಿಮಗೆ 70ನೇ ಪುಟದಲ್ಲಿ ಬಂದ ಆಕಳಿಕೆ ಅಸಹ್ಯದ ಆಯಸ್ಸು ಮುಗಿದ ಗುರುತು.

ವಿಜ್ಞಾನಿಯ ಎಂಟು ಪುಟ ನಿಮಗೇ ಬೇಸರ ತಂದಿದೆ, ನಾನು ಜಾಸ್ತಿ ಹೇಳಬೇಕಿಲ್ಲ. ಮುದುಕನಿಗೆ ಅರ್ಧ ಪುಟ, ಬೂದಿಗೆ ಎಂಟು. ಅಲ್ಲೇ ತಕ್ಕಡಿ ತಿರುಗಿದೆ.

ಜನರೇ ಇಲ್ಲದ ಲೋಕ ಬರೆಯಬೇಕಾದರೂ ಇದೇ ದಾರಿ ನಡೆಯುತ್ತದೆ. ಎಚ್. ಜಿ. ವೆಲ್ಸ್ 1895ರ ಟೈಮ್ ಮಷಿನ್ ಕೊನೆಗೆ ಮೂರು ಕೋಟಿ ವರ್ಷ ಆಚೆಗಿನ ಒಂದು ಕಡಲತೀರಕ್ಕೆ ನಮ್ಮನ್ನು ಕರೆದುಕೊಂಡು ಹೋಗುತ್ತಾರೆ. ಸೂರ್ಯ ಸಾಯುತ್ತಿದ್ದಾನೆ. ಮನುಷ್ಯರು ಯಾವಾಗಲೋ ಮುಗಿದಿದ್ದಾರೆ. ಆ ಮೌನ ಹೇಗಿತ್ತು ಅಂತ ಹೇಳಲು ಅವರು ಇಲ್ಲದ ಸದ್ದುಗಳನ್ನು ಹೆಸರಿಸುತ್ತಾರೆ. ಮನುಷ್ಯರ ಸದ್ದು, ಕುರಿಗಳ ಕೂಗು, ಹಕ್ಕಿಗಳ ದನಿ, ಹುಳುಗಳ ಗುಂಯ್‌ಗುಡುವಿಕೆ, ಎಲ್ಲ ಮುಗಿದಿತ್ತು ಅಂತ. ಕುರಿ ಕೂಗುವ ಸದ್ದು ಇಲ್ಲ ಅಂದಾಗ ನನಗೆ ಮೈ ತಣ್ಣಗಾಯಿತು. ಭೀಕರ ಮೌನ ಅಂತ ಬರೆದಿದ್ದರೆ ಏನೂ ಆಗುತ್ತಿರಲಿಲ್ಲ.

ಭೀಕರ ಅಂದಾಗ ನೆನಪಾಯಿತು. ನೀವು ಕನ್ನಡದಲ್ಲಿ ಬರೆಯುವವರು ಅಂದುಕೊಂಡು ಇಷ್ಟು ಹೇಳಲೇಬೇಕು, ಇದು ನನಗೆ ಬಹಳ ಇಷ್ಟದ ವಿಷಯ. ಭೀಕರ, ಘೋರ, ರಕ್ತಸಿಕ್ತ, ಭಯಂಕರ ಅನ್ನುವ ಪದಗಳು ಓದುಗನ ಪಾಲಿನ ಕೆಲಸವನ್ನು ಕಿತ್ತುಕೊಳ್ಳುತ್ತವೆ. ಹೆದರಬೇಕಾದವನು ಅವನು, ಲೇಖಕ ಮೊದಲೇ ಹೆದರಿಬಿಟ್ಟಿರುತ್ತಾನೆ. ಅವುಗಳ ಬದಲು ನಮ್ಮ ನುಡಿಯ ಒಳಗೇ ಇರುವ ಉಪಾಯಗಳನ್ನು ನೋಡಿ. ಕನ್ನಡದ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಏನಾಯಿತು ಅನ್ನುವುದು ಕೊನೆಯ ಪದದವರೆಗೂ ಗುಟ್ಟು. "ಬಾಗಿಲ ಹಿಂದೆ, ಮಗುವಿನ ಹಾಸಿಗೆಯ ಪಕ್ಕದಲ್ಲಿ, ಮಂಡಿಯೂರಿ, ಯಾರೋ ಹಾಡುತ್ತಿದ್ದರು." ಅಲ್ಲಿ ಕೂತವರು ಏನು ಮಾಡುತ್ತಿರಬಹುದು ಅಂತ ನಾವು ಏನೇನೋ ಊಹಿಸಿಕೊಂಡ ಮೇಲೆ ಹಾಡುವುದು ಬರುತ್ತದೆ, ಅದು ಇನ್ನೂ ಕೆಟ್ಟದ್ದಾಗಿ ಕೇಳಿಸುತ್ತದೆ. ಆ ಯಾರೋ ಅನ್ನುವುದರ ಓಕಾರವನ್ನೂ ನೋಡಿ. ಒಂದು ಅಕ್ಷರದಲ್ಲಿ ಅನುಮಾನ.

ಇನ್ನೊಂದು ಇದೆ. ಸತ್ತವರು ಎದ್ದು ಬರುವ ಕತೆಗೆ ಕನ್ನಡದಷ್ಟು ಒದಗುವ ನುಡಿ ಕಡಿಮೆ ಅಂತ ನನ್ನ ನಂಬಿಕೆ. "ಅಮ್ಮ ಎದ್ದಳು. ಅಮ್ಮ ಬಾಗಿಲ ಹತ್ತಿರ ಬಂದಳು." ಇದನ್ನು ಹೀಗೆ ಬರೆಯಿರಿ: "ಅಮ್ಮ ಎದ್ದಳು. ಅಮ್ಮ ಬಾಗಿಲ ಹತ್ತಿರ ಬಂತು." ಒಂದು ಪ್ರತ್ಯಯ ಬದಲಾಯಿತು, ಅಷ್ಟೇ. ಅವಳು ಹೋಗಿ ಅದು ಆಯಿತು. ಯಾವ ವಿಜ್ಞಾನಿಯೂ ಬಂದು ವಿವರಿಸಬೇಕಿಲ್ಲ. ಕೆಲವು ಕಡೆ ಮಾತಿನಲ್ಲಿ ಸಲಿಗೆಯಿಂದ ಹೆಂಗಸರಿಗೂ ಬಂತು, ಹೋಯ್ತು ಅನ್ನುವುದುಂಟು, ಅಂಥ ಮಾತಿನ ಪಾತ್ರವಾದರೆ ಇದು ಕೆಲಸ ಮಾಡುವುದಿಲ್ಲ. ಆದರೆ ಬಂದಳು ಅಂತಲೇ ಹೇಳುತ್ತಾ ಬಂದ ಮಗನ ಬಾಯಲ್ಲಿ ಮೊದಲ ಸಲ ಬಂತು ಅಂತ ಬರುವುದು ಯಾವಾಗ? ಅವನು ಎಷ್ಟು ಹೊತ್ತು ಬಂದಳು ಅಂತಲೇ ಹಟ ಹಿಡಿಯುತ್ತಾನೆ? ಈ ಒಂದು ಪ್ರಶ್ನೆಯ ಮೇಲೆ ಒಂದು ಇಡೀ ಕಿರುಕಾದಂಬರಿ ನಿಲ್ಲಬಲ್ಲದು. ಬೇಕಾದರೆ ನೀವೇ ತೆಗೆದುಕೊಳ್ಳಿ.

ತಪ್ಪು ನಿಮ್ಮದಾ ಅಂತಲೂ ಕೇಳಿದ್ದೀರಿ. ಕೆಲವು ಸಲ ಓದುಗರದ್ದೂ ಇರುತ್ತದೆ. ದಣಿದು, ನಡುನಡುವೆ ಫೋನ್ ನೋಡುತ್ತಾ, ಐದೈದು ಪುಟ ಓದಿದರೆ ಯಾವ ಭಯವೂ ಕಟ್ಟಿಕೊಳ್ಳುವುದಿಲ್ಲ. ಕಿರುಕಾದಂಬರಿಯನ್ನು ಆದಷ್ಟು ಒಂದೆರಡು ಕೂತಲ್ಲೇ ಮುಗಿಸಬೇಕು. ಅನುಮಾನ ಇದ್ದರೆ ಒಂದು ಪರೀಕ್ಷೆ ಮಾಡಿ. ಪುಸ್ತಕ ತೆಗೆದು, ರಾತ್ರಿ ಒಬ್ಬರೇ ಕೂತು, ಗುಂಪಿನಲ್ಲಿ ಮೂರನೆಯವರು ಸಾಯುವ ಅಧ್ಯಾಯವನ್ನು ನಿಧಾನವಾಗಿ ಓದಿ. ಅದು ಸಾಯುವವರ ಹೆಸರು ತೆಗೆದು ಇನ್ನೊಬ್ಬರ ಹೆಸರು ಹಾಕಿದರೂ ನಡೆಯುವಂತಿದ್ದರೆ, ತಪ್ಪು ನಿಮ್ಮದಲ್ಲ. ಆ ಮನುಷ್ಯ ಮಾತ್ರ ಮಾಡಬಹುದಾದ ಒಂದು ಕೆಲಸ, ಆಡಬಹುದಾದ ಒಂದು ಮಾತು ಅಲ್ಲಿದ್ದರೆ, ನೀವು ದಣಿದಿದ್ದಾಗ ಓದಿದ್ದೀರಿ ಅಂತ ಇಟ್ಟುಕೊಳ್ಳಿ, ಇನ್ನೊಂದು ಅವಕಾಶ ಕೊಡಿ. ಬೇಡ ಅನಿಸಿದರೆ ಬಿಟ್ಟುಬಿಡಿ, ಅದರಲ್ಲಿ ತಪ್ಪೇನೂ ಇಲ್ಲ.

ನಿಮ್ಮ ಬರವಣಿಗೆಗೆ ನಾನು ಕೊಡುವ ಸಲಹೆ ಒಂದು ಅಭ್ಯಾಸ. ಪ್ರಳಯ ಹೇಗೆ ಬರುತ್ತದೆ ಅಂತ ಯೋಚಿಸುವುದನ್ನು ಒಂದು ವಾರ ಮುಂದಕ್ಕೆ ಹಾಕಿ. ಅದರ ಬದಲು ನಿಮ್ಮ ಮುಖ್ಯ ಪಾತ್ರ ಅವತ್ತು ಬೆಳಿಗ್ಗೆ ಶುರು ಮಾಡಿ ಮುಗಿಸದೆ ಬಿಟ್ಟ ಒಂದು ಕೆಲಸ ಹುಡುಕಿ. ಚಿಕ್ಕದಿರಲಿ. ಅರ್ಧ ಬರೆದ ಕಾಗದ, ಒಂದೇ ತೋಳು ಹೊಲಿದ ಅಂಗಿ, ನಾಳೆ ಕ್ಷಮೆ ಕೇಳೋಣ ಅಂತ ಬಿಟ್ಟ ಜಗಳ. ಆಮೇಲೆ ಆ ಕೆಲಸ ಕತೆಯುದ್ದಕ್ಕೂ ಆ ಪಾತ್ರವನ್ನು ಕಾಡಲಿ. ಬೆಂಕಿ, ಹೆಣ, ಓಟದ ನಡುವೆ ಆ ಕೈ ಅದನ್ನು ಮುಗಿಸಲು ಚಡಪಡಿಸಲಿ. ಮುಗಿಸಲು ಒಂದು ಅವಕಾಶ ಬರಲಿ, ಆ ಅವಕಾಶ ಇನ್ನೊಬ್ಬರ ಜೀವದ ಎದುರು ನಿಲ್ಲಲಿ. ಆಗ ಆಯ್ಕೆ ಮಾಡಬೇಕಾಗುತ್ತದೆ. ಬೂದಿ ಎಲ್ಲಿಂದ ಬಂತು ಅಂತ ಆಗ ಯಾರೂ ನಿಮ್ಮನ್ನು ಕೇಳುವುದಿಲ್ಲ.

ಆ ಮುದುಕನ ಬಗ್ಗೆ ಯೋಚಿಸುತ್ತಲೇ ಇದ್ದೇನೆ. ಎರಡು ಸಲ ಬೀಗ ಎಳೆದವನು ಕೀಲಿಕೈಯನ್ನು ಎಲ್ಲಾದರೂ ಇಟ್ಟಿರಲೇಬೇಕು. ಜೇಬಿನಲ್ಲೋ, ಮುಷ್ಟಿಯಲ್ಲೋ, ಪಕ್ಕದ ಮನೆಯವರ ಕೈಯಲ್ಲೋ. ಸತ್ತು ಎದ್ದ ಮೇಲೆ ಅವನು ಎಲ್ಲಿಗೆ ನಡೆದ? ಜನರ ಹಿಂದೆಯಾ, ತನ್ನ ಮನೆಯ ಬಾಗಿಲಿಗಾ? ಪುಸ್ತಕದ ಯಾವ ಮೂಲೆಯಲ್ಲಾದರೂ ಅದು ಇದೆಯಾ ಅಂತ ಇನ್ನೊಮ್ಮೆ ನೋಡಿ, ಇದ್ದರೆ ನನಗೆ ಬರೆಯಿರಿ.